ಬೆಳೆಯುವ ಹುಡುಗ, ಎರಡಂಗುಲ ಬಿಟ್ಟು ಹೊಲಿ

ಜೂನ್ ತಿಂಗಳು ಸಮೀಪಿಸಿತೆಂದರೆ ಮಧ್ಯಮ ವರ್ಗದ ಸಂಸಾರಗಳಲ್ಲಿ ಎರಡು ಚಿಂತೆಗಳು ಒಟ್ಟಿಗೆ ತಲೆಯೆತ್ತುತ್ತವೆ. ಮಳೆ ಕಾಲಕ್ಕೆ ಸರಿಯಾಗಿ ಬಂದೀತೋ ಇಲ್ಲವೋ ಎಂಬುದು ಒಂದು. ಮಕ್ಕಳ ಶಾಲೆಯ ಬಟ್ಟೆ ಇನ್ನೊಂದು. ಮೊದಲನೆಯದರ ವಿಷಯದಲ್ಲಿ ಆಕಾಶವನ್ನು ನೋಡುತ್ತ ಕೂರುವುದರ ಹೊರತು ನಾವು ಮಾಡಬಹುದಾದುದು ಏನೂ ಇಲ್ಲ. ಎರಡನೆಯದರ ವಿಷಯದಲ್ಲಿ ಆಕಾಶವನ್ನು ನೋಡಿದರೆ ಕೆಲಸ ನಡೆಯುವುದಿಲ್ಲ, ಜೇಬನ್ನು ನೋಡಿಕೊಳ್ಳಬೇಕಾಗುತ್ತದೆ. ಕಳೆದ ವರ್ಷ ಮೊಳಕಾಲನ್ನು ಮುಚ್ಚುತ್ತಿದ್ದ ಚಡ್ಡಿ ಈ ವರ್ಷ ತೊಡೆಯ ನಡುವೆ ನಿಂತಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ, ನಿಜ. ಆದರೆ ಮಕ್ಕಳ ಕಾಲುಗಳು ಯಾರನ್ನೂ ಕೇಳಿ ಬೆಳೆಯುವುದಿಲ್ಲವಲ್ಲ!

ಉಡುಪಿನ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಅರಸರ ಜರತಾರಿ ಅಂಗಿ, ರಾಣಿಯರ ಪೀತಾಂಬರ, ದಿವಾನರ ಪೇಟ ಇವು ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನುಸಿಗುಳಿಗೆಯ ವಾಸನೆಯೊಡನೆ ಸುರಕ್ಷಿತವಾಗಿವೆ. ಆದರೆ ಶಾಲೆಗೆ ಹೋಗುವ ಹುಡುಗನೊಬ್ಬ ದಿನನಿತ್ಯ ತೊಟ್ಟ ಅಂಗಿಯನ್ನು ಯಾರೂ ಜೋಪಾನವಾಗಿ ಇಟ್ಟಿಲ್ಲ. ಇಡುವುದಾದರೂ ಹೇಗೆ? ಅದು ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಚಿಕ್ಕಮ್ಮನ ಮಗನಿಗೆ ಇಳಿದು, ಕೊನೆಗೆ ಅಡುಗೆಮನೆಯ ಮಸಿಬಟ್ಟೆಯಾಗಿ ಅವತಾರ ಮುಗಿಸಿರುತ್ತದೆ. ಆದುದರಿಂದ ಈ ಚರಿತ್ರೆಯನ್ನು ಅಜ್ಜಂದಿರ ಬಾಯಿಂದಲೂ, ಗೋಡೆಯ ಮೇಲೆ ತೂಗುಹಾಕಿದ ಹಳೆಯ ಶಾಲಾ ಛಾಯಾಚಿತ್ರಗಳಿಂದಲೂ ಸಂಗ್ರಹಿಸಬೇಕಾಗಿದೆ.

ನಮ್ಮ ಅಜ್ಜಂದಿರ ಕಾಲದಲ್ಲಿ, ಎಂದರೆ 1930 ಮತ್ತು 1940ರ ದಶಕಗಳಲ್ಲಿ, ‘ಶಾಲೆಯ ಬಟ್ಟೆ’ ಎಂಬ ಪ್ರತ್ಯೇಕ ಪದಾರ್ಥವೇ ಬಹುಮಟ್ಟಿಗೆ ಇರಲಿಲ್ಲ. ಇದ್ದುದು ಹಬ್ಬದ ಬಟ್ಟೆ. ಯುಗಾದಿಗೋ ಗೌರಿಹಬ್ಬಕ್ಕೋ ದೀಪಾವಳಿಗೋ ಹೊಲಿಸಿದ ಅಂಗಿ ಕೆಲವು ತಿಂಗಳು ಮದುವೆ ಮುಂಜಿಗಳಲ್ಲಿ ಮೆರೆದು, ಬಣ್ಣ ಮಾಸಿದ ಮೇಲೆ ಶಾಲೆಗೆ ಹೊರಡುತ್ತಿತ್ತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಐದಾರು ವರ್ಷದವರೆಗೆ ಹುಡುಗರಿಗೆ ಉಡುದಾರವೇ ಮುಖ್ಯ ಉಡುಪು. ಶಾಲೆಗೆ ಸೇರಿಸಿದ ಮೇಲೆ ಮೊಳಕಾಲಿನವರೆಗೆ ಇಳಿಯುವ ಚಡ್ಡಿ, ಅದಕ್ಕೆ ಲಾಡಿ. ಲಾಡಿ ಕಿತ್ತುಹೋದ ದಿನ ಮತ್ತೆ ಆ ಉಡುದಾರವೇ ಮಾನ ಕಾಯುತ್ತಿತ್ತು. ಮೇಲೊಂದು ಕೊರಳುಪಟ್ಟಿಯಿಲ್ಲದ ಅಂಗಿ. ಅನುಕೂಲಸ್ಥರ ಮಕ್ಕಳಿಗೆ ಅದರ ಮೇಲೊಂದು ಕೋಟು. ಕಾಲಿಗೆ ಏನೂ ಇಲ್ಲ. ತಲೆಗೆ ಮಾತ್ರ ಟೋಪಿ ಇರಲೇಬೇಕು. ಬರಿದಲೆಯಲ್ಲಿ ಉಪಾಧ್ಯಾಯರ ಎದುರಿಗೆ ನಿಲ್ಲುವುದು ಉದ್ಧಟತನವೆನಿಸುತ್ತಿದ್ದ ಕಾಲ ಅದು. ಬರಿಗಾಲು ಅವಮಾನವಲ್ಲ, ಬರಿದಲೆ ಅವಮಾನ! ಇಂದಿನ ಶಾಲೆಗಳಲ್ಲಿ ಇದು ತಲೆಕೆಳಗಾಗಿದೆ. ಟೋಪಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಬೂಟು ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ಮರ್ಯಾದೆಯೆಂಬುದು ಅರುವತ್ತು ಎಪ್ಪತ್ತು ವರ್ಷಗಳಲ್ಲಿ ತಲೆಯಿಂದ ಇಳಿದು ಕಾಲಿಗೆ ಬಂದಿದೆ ಎಂದರೆ ತಪ್ಪಾಗಲಾರದು.

ಆ ಕಾಲದ ಬಟ್ಟೆ ಬಾಯಿಬಿಟ್ಟು ಮಾತನಾಡುತ್ತಿತ್ತು. ಟೋಪಿಯ ಆಕಾರ, ಪಂಚೆಯನ್ನು ಉಟ್ಟ ರೀತಿ, ಕೋಟಿನ ಇರುವಿಕೆ ಅಥವಾ ಇಲ್ಲದಿರುವಿಕೆ ಇವುಗಳನ್ನು ನೋಡಿಯೇ ಹುಡುಗ ಯಾರ ಮನೆಯವನು, ಯಾವ ಕೇರಿಯವನು, ಅವನ ತಂದೆಯ ಸಂಬಳವೆಷ್ಟು ಎಂಬುದನ್ನು ಊಹಿಸಬಹುದಾಗಿತ್ತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ದೊಡ್ಡವರಿಗೆ ನೀತಿಯಾಗಿರಬಹುದು. ಆದರೆ ಪರರ ನೋಟಕ್ಕೆ ಮಕ್ಕಳು ತೆತ್ತ ಬೆಲೆ ಸಣ್ಣದಲ್ಲ. ಡಾ. ಅಂಬೇಡ್ಕರರು ಸಾತಾರೆಯ ಶಾಲೆಯಲ್ಲಿ ಓದುತ್ತಿದ್ದಾಗ ಇತರ ಬಾಲಕರೊಡನೆ ಕೂಡುವಂತಿರಲಿಲ್ಲ. ಕೂರಲು ತಮ್ಮದೇ ಒಂದು ಗೋಣಿತಟ್ಟನ್ನು ತೆಗೆದುಕೊಂಡು ಹೋಗಬೇಕಾಗಿತ್ತು. ಸಂಜೆ ಅದನ್ನು ಮನೆಗೆ ತರಬೇಕಾಗಿತ್ತು. ಶಾಲೆಯ ಜವಾನನು ಅದನ್ನು ಮುಟ್ಟುತ್ತಿರಲಿಲ್ಲ. ಅವರೇ ಬರೆದಿಟ್ಟಿರುವ ಸಂಗತಿಯಿದು. ಧಾರವಾಡ ಬೆಳಗಾವಿಗಳೂ ಸೇರಿದ್ದ ಅದೇ ಮುಂಬಯಿ ಪ್ರಾಂತದಲ್ಲಿ, 1900ರ ಸುಮಾರಿಗೆ ನಡೆದುದು. ಶಾಲೆಯ ಬಟ್ಟೆಯ ಚರಿತ್ರೆಯಲ್ಲಿ ಆ ಗೋಣಿತಟ್ಟಿಗೂ ಒಂದು ಪುಟವಿದೆ ಎಂಬುದನ್ನು ನಾವು ಮರೆಯಬಾರದು. ಮುಂದೆ ಬಂದ ಸಮವಸ್ತ್ರದ ಗುಣದೋಷಗಳನ್ನು ಅಳೆಯುವಾಗ ಈ ಪುಟವನ್ನು ಪಕ್ಕದಲ್ಲಿಟ್ಟುಕೊಂಡೇ ಅಳೆಯಬೇಕು.

ಈ ನಡುವೆ ರಾಜಕೀಯವೂ ಮಕ್ಕಳ ಬಟ್ಟೆಯೊಳಕ್ಕೆ ನುಸುಳಿತು. 1920ರ ಅನಂತರ ಖಾದಿಯು ಮನೆಮನೆಯನ್ನು ಹೊಕ್ಕಾಗ, ಗಾಂಧಿ ಟೋಪಿ ಹುಡುಗರ ತಲೆಯನ್ನೇರಿತು. ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ ಆ ಟೋಪಿಯನ್ನು ಧರಿಸಿ ಬಂದ ವಿದ್ಯಾರ್ಥಿಗಳನ್ನು ತರಗತಿಯಿಂದ ಹೊರಗೆ ಕಳುಹಿಸಿದ ಪ್ರಸಂಗಗಳು ನಡೆದವು. ಟೋಪಿಯಿಲ್ಲದೆ ಬಂದರೆ ಅವಿಧೇಯತೆ, ಆ ಟೋಪಿಯನ್ನು ಧರಿಸಿ ಬಂದರೆ ರಾಜದ್ರೋಹ! ಮೊಳವುದ್ದದ ಬಿಳಿಯ ಬಟ್ಟೆಗೆ ಇಷ್ಟು ಶಕ್ತಿಯಿರುವುದೆಂದು ಅದನ್ನು ನೇಯ್ದವನು ಭಾವಿಸಿದ್ದನೋ ಇಲ್ಲವೋ.

ಎರಡನೆಯ ಮಹಾಯುದ್ಧ ಬಂದಾಗ ಇನ್ನೊಂದು ಪೇಚು. ಗಿರಣಿಗಳು ಸೈನ್ಯಕ್ಕಾಗಿ ನೇಯತೊಡಗಿದವು, ಬೆಲೆಗಳು ಗಗನಕ್ಕೇರಿದವು, 1943ರಲ್ಲಿ ಹತ್ತಿಯ ಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆ ಹೊರಟಿತು. ಅಕ್ಕಿ ಸೀಮೆಎಣ್ಣೆಗಳಂತೆ ಬಟ್ಟೆಗೂ ಸರದಿಯಲ್ಲಿ ನಿಲ್ಲುವ ಕಾಲ ಬಂದಿತು. ಅಪ್ಪನ ಹಳೆಯ ಪಂಚೆಯಲ್ಲಿ ಮಗನ ಅಂಗಿ, ಅಮ್ಮನ ಸವೆದ ಸೀರೆಯ ಅಂಚಿನ ಕಡೆಯಲ್ಲಿ ಮಗಳ ಲಂಗ, ಕೋಟಿನ ಒಳಭಾಗವನ್ನು ಹೊರಕ್ಕೆ ತಿರುಗಿಸಿ ಹೊಲಿದ ಹೊಸ ಕೋಟು, ಇವೆಲ್ಲ ಆ ವರ್ಷಗಳ ಗೃಹಕೈಗಾರಿಕೆಗಳು. ಆ ಪೀಳಿಗೆಯ ಅಜ್ಜಿಯರು ಇಂದಿಗೂ ಒಂದು ಗುಂಡಿಯನ್ನು ಬಿಸಾಡುವುದಿಲ್ಲ. ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಾರೆ. ಮೊಮ್ಮಕ್ಕಳು ನಗುತ್ತಾರೆ. ನಗುವವರು ಸರದಿಯಲ್ಲಿ ನಿಂತವರಲ್ಲ.

ಹೆಣ್ಣುಮಕ್ಕಳ ಕಥೆಯನ್ನು ಬೇರೆಯಾಗಿಯೇ ಹೇಳಬೇಕು. ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ 1881ರಲ್ಲಿಯೇ ಪ್ರಾರಂಭವಾದರೂ, ಬಹುಕಾಲ ಸಾಮಾನ್ಯ ಹುಡುಗಿಯ ವಿದ್ಯಾಭ್ಯಾಸದ ಅವಧಿಯನ್ನು ನಿರ್ಧರಿಸುತ್ತಿದ್ದುದು ಪಠ್ಯಕ್ರಮವಲ್ಲ, ಉಡುಪು. ಲಂಗ ಮತ್ತು ರವಿಕೆ ಇರುವಷ್ಟು ಕಾಲ ಶಾಲೆ. ಉತ್ತರ ಕರ್ನಾಟಕದಲ್ಲಿ ಇದೇ ಪರಕಾರ ಮತ್ತು ಪೋಲಕ. ಮೇಲೆ ದಾವಣಿ ಬಂದಿತೆಂದರೆ ಮನೆಯಲ್ಲಿ ಪಿಸುಮಾತು ಮೊದಲಾಗುತ್ತಿತ್ತು. ಸೀರೆ ಬಂದಿತೆಂದರೆ ಪಾಟಿ ಪುಸ್ತಕಗಳು ಅಟ್ಟ ಸೇರುತ್ತಿದ್ದವು. ಹುಡುಗಿಯ ಮದುವೆಗೆ ಕನಿಷ್ಠ ಹದಿನಾಲ್ಕು ವರ್ಷವನ್ನು ಗೊತ್ತುಪಡಿಸಿದ ಶಾರದಾ ಕಾಯಿದೆ 1929ರಲ್ಲಿ ಬಂದರೂ ಈ ಅಳತೆಗೋಲು ಕೂಡಲೇ ಬದಲಾಗಲಿಲ್ಲ. ನಮ್ಮ ಅಜ್ಜಿಯಂದಿರಲ್ಲಿ ಎಷ್ಟೋ ಮಂದಿಗೆ ತಾವು ಎಷ್ಟನೆಯ ತರಗತಿಯವರೆಗೆ ಓದಿದೆವೆಂಬುದು ನೆನಪಿಲ್ಲ. ಯಾವ ಬಣ್ಣದ ದಾವಣಿಯನ್ನು ಹೊದ್ದ ವರ್ಷ ಶಾಲೆ ಬಿಟ್ಟೆವೆಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಲಂಗದ ರಚನೆಯಲ್ಲಿ ಒಂದು ಜಾಣತನವಿತ್ತು. ಅದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಅಂಚಿನ ಮೇಲ್ಗಡೆ ಎರಡು ಮೂರು ಮಡಿಕೆಗಳನ್ನು ಹಿಡಿದು ಹೊಲಿಯುತ್ತಿದ್ದರು. ವರ್ಷಕ್ಕೊಂದು ಮಡಿಕೆಯನ್ನು ಬಿಚ್ಚಿದರೆ ಲಂಗ ಹುಡುಗಿಯೊಡನೆ ಬೆಳೆಯುತ್ತಿತ್ತು. ಮಡಿಕೆಯೊಳಗಿದ್ದ ಬಟ್ಟೆ ಬಿಸಿಲನ್ನೂ ಒಗೆತವನ್ನೂ ಕಾಣದೆ ಗಾಢವಾಗಿಯೇ ಉಳಿದಿರುತ್ತಿದ್ದುದರಿಂದ, ಬಿಚ್ಚಿದಾಗ ಮಾಸಿದ ಲಂಗದ ಕೆಳಗೆ ಹೊಸ ಬಣ್ಣದ ಒಂದು ಪಟ್ಟಿ ಕಾಣುತ್ತಿತ್ತು. ಮರವನ್ನು ಕಡಿದು ಉಂಗುರಗಳನ್ನು ಎಣಿಸುವಂತೆ ಲಂಗದ ಪಟ್ಟಿಗಳನ್ನು ಎಣಿಸಿ ಅದರ ವಯಸ್ಸನ್ನು ಹೇಳಬಹುದಾಗಿತ್ತು. ಹುಡುಗರಿಗೆ ಇದೇ ಉಪಾಯ ದರ್ಜಿಯ ಅಂಗಡಿಯಲ್ಲಿ. ‘ಬೆಳೆಯುವ ಹುಡುಗ, ಎರಡಂಗುಲ ಬಿಟ್ಟು ಹೊಲಿಯಪ್ಪಾ’ ಎಂದು ತಂದೆ ಹೇಳದ ಊರು ಕನ್ನಡನಾಡಿನಲ್ಲಿ ಇರಲಾರದು. ಪರಿಣಾಮವಾಗಿ ಹೊಸ ಬಟ್ಟೆ ಮೊದಲ ವರ್ಷ ದೊಗಲೆ, ಎರಡನೆಯ ವರ್ಷ ಸರಿ, ಮೂರನೆಯ ವರ್ಷ ಬಿಗಿ. ಸರಿಯಾಗಿ ಹೊಂದುವ ಆ ನಡುವಿನ ವರ್ಷದಲ್ಲಿ ಹಿಂಬದಿ ಹರಿದು, ಅದಕ್ಕೆ ತೇಪೆ ಬಿದ್ದು, ಗೆಳೆಯರ ಬಾಯಲ್ಲಿ ‘ಪೋಸ್ಟ್ ಡಬ್ಬ’ ಎಂಬ ಬಿರುದು ಬಂದಿರುತ್ತಿತ್ತು. ಬಿರುದು ಪಡೆಯದವರು ತರಗತಿಯಲ್ಲಿ ವಿರಳವಾದುದರಿಂದ ಅದು ಯಾರ ಮನಸ್ಸಿಗೂ ಹೆಚ್ಚು ನಾಟುತ್ತಿರಲಿಲ್ಲ.

ಇನ್ನು ಸಮವಸ್ತ್ರದ ಆಗಮನ. ಅದರ ಮೂಲವನ್ನು ಹುಡುಕುತ್ತ ಹೋದರೆ ಒಂದು ವಿಚಿತ್ರ ಎದುರಾಗುತ್ತದೆ. ಲಂಡನ್ನಿನಲ್ಲಿ 1552ರಲ್ಲಿ ಸ್ಥಾಪಿತವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆ ದಿಕ್ಕಿಲ್ಲದ ಬಡ ಮಕ್ಕಳಿಗಾಗಿ ತೆರೆದದ್ದು. ಅಲ್ಲಿಯ ಮಕ್ಕಳಿಗೆ ನೀಲಿಯ ನಿಲುವಂಗಿಯನ್ನು ಕೊಟ್ಟರು. ಆ ಬಣ್ಣವನ್ನು ಕಂಡವರೆಲ್ಲರಿಗೂ ಇವರು ಧರ್ಮದ ಅನ್ನ ಉಣ್ಣುವ ಮಕ್ಕಳೆಂದು ತಿಳಿಯುತ್ತಿತ್ತು. ಮುಂದೆ ಶ್ರೀಮಂತರ ಶಾಲೆಗಳೂ ತಮ್ಮದೇ ಕೋಟು ಟೋಪಿಗಳನ್ನು ಗೊತ್ತುಮಾಡಿಕೊಂಡಾಗ ಅದೇ ಏಕರೂಪದ ಉಡುಪು ಪ್ರತಿಷ್ಠೆಯ ಗುರುತಾಯಿತು. ನಮ್ಮಲ್ಲಿಗೆ ಅದು ಬಂದದ್ದು ಈ ಎರಡನೆಯ ವೇಷದಲ್ಲಿ. ಬೆಂಗಳೂರಿನ ದಂಡು ಪ್ರದೇಶದಲ್ಲಿ 1865ರಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆಯಂಥ ವಿದ್ಯಾಲಯಗಳು, ಕಾನ್ವೆಂಟುಗಳು ಇವು ನಮ್ಮ ಜನಕ್ಕೆ ಸಮವಸ್ತ್ರವೆಂದರೆ ಇಂಗ್ಲಿಷ್ ವಿದ್ಯೆ, ಇಂಗ್ಲಿಷ್ ವಿದ್ಯೆಯೆಂದರೆ ದೊಡ್ಡ ನೌಕರಿ ಎಂಬ ಸಮೀಕರಣವನ್ನು ಕಲಿಸಿದವು. ಸ್ವಾತಂತ್ರ್ಯಾನಂತರ ಸರ್ಕಾರಿ ಶಾಲೆಗಳಲ್ಲಿಯೂ ಬಿಳಿಯ ಅಂಗಿ, ಖಾಕಿ ಚಡ್ಡಿ. ಹುಡುಗಿಯರಿಗೆ ಬಿಳಿಯ ರವಿಕೆ, ನೀಲಿಯ ಲಂಗ ಕ್ರಮೇಣ ಹರಡಿದವು. ಖಾಕಿಗೆ ಒಂದು ಮಹಾಗುಣವಿತ್ತು: ಊರಿನ ಮಣ್ಣಿನ ಬಣ್ಣವೂ ಅದರ ಬಣ್ಣವೂ ಒಂದೇ ಆದುದರಿಂದ ಹುಡುಗ ಎಲ್ಲಿ ಹೊರಳಿ ಬಂದನೆಂಬುದು ತಾಯಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ. ಬಿಳಿಯ ಅಂಗಿಗೆ ಮಾತ್ರ ನೀಲಿ, ಗಂಜಿ, ಮತ್ತು ಕೆಂಡ ತುಂಬಿದ ಚೊಂಬಿನ ಇಸ್ತ್ರಿ ಬೇಕಾಗುತ್ತಿದ್ದವು.

ಈ ಕಷ್ಟವನ್ನು ತಪ್ಪಿಸಿದ್ದು ಟೆರಿಲೀನ್. 1941ರಲ್ಲಿ ಇಂಗ್ಲೆಂಡಿನ ಇಬ್ಬರು ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಈ ನೂಲು 1960ರ ದಶಕದಲ್ಲಿ ನಮ್ಮ ಪೇಟೆಗಳಿಗೆ ಇಳಿದು, ಹತ್ತಿಯೊಡನೆ ಬೆರೆತು ಟೆರಿಕಾಟ್ ಎಂಬ ಹೆಸರಿನಿಂದ ಮುಂದಿನ ದಶಕಗಳಲ್ಲಿ ಮನೆಮನೆಯನ್ನು ಸೇರಿತು. ಇದನ್ನು ಶೋಕಿಯ ಬಟ್ಟೆಯೆಂದು ಹಿರಿಯರು ಮೂದಲಿಸಿದರು. ಆದರೆ ನಮ್ಮ ತಂದೆಯವರ ಪೀಳಿಗೆಯ ಬಡ ಹುಡುಗನಿಗೆ ಅದು ಶೋಕಿಯಾಗಿರಲಿಲ್ಲ, ಲೆಕ್ಕಾಚಾರವಾಗಿತ್ತು. ಇರುವುದು ಒಂದೇ ಜೊತೆ ಬಟ್ಟೆ. ಸಂಜೆ ಒಗೆದು ಹಾಕಿದರೆ ಮಳೆಗಾಲದಲ್ಲಿಯೂ ಬೆಳಗಾಗುವುದರೊಳಗೆ ಒಣಗಬೇಕು. ಹತ್ತಿಯ ಬಟ್ಟೆ ಒಣಗುತ್ತಿರಲಿಲ್ಲ, ಟೆರಿಕಾಟ್ ಒಣಗುತ್ತಿತ್ತು. ಇಸ್ತ್ರಿಯೂ ಬೇಡ. ಅಣ್ಣನಿಂದ ಕಿರಿಯ ತಮ್ಮನವರೆಗೆ ಮೂವರನ್ನು ದಾಟಿಸುವ ಗಟ್ಟಿತನ. ಬದಲಿಗೆ ಏಪ್ರಿಲ್ ತಿಂಗಳಿನಲ್ಲಿ ಬೆನ್ನಿನ ಮೇಲೆ ಬೆವರು ಹೊಳೆಯಾಗಿ ಹರಿಯಬೇಕಾಗಿತ್ತು, ಅಷ್ಟೆ. ಬೆವರಿಗೆ ಬೆಲೆ ಕಟ್ಟುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ನಮ್ಮ ಪೀಳಿಗೆ ಶಾಲೆಗೆ ಹೋದದ್ದು 1990ರ ದಶಕದಲ್ಲಿ. ಆ ಹೊತ್ತಿಗೆ ಒಂದೇ ಬೀದಿಯ ಮಕ್ಕಳು ಎರಡು ಜಾತಿಯಾಗಿ ಒಡೆದಿದ್ದರು: ಕೊರಳಿಗೆ ರಬ್ಬರು ಪಟ್ಟಿಯ ಟೈ ಕಟ್ಟಿದವರು ಮತ್ತು ಕಟ್ಟದವರು. ಟೈ, ಬೆಲ್ಟು, ಬ್ಯಾಡ್ಜು, ಶನಿವಾರಕ್ಕೊಂದು ಬಿಳಿಯ ಜೊತೆ, ಅದಕ್ಕೆ ಸರಿಯಾಗಿ ಬಿಳಿಯ ಕ್ಯಾನ್ವಾಸ್ ಬೂಟು, ಅದರ ಕಲೆ ಮುಚ್ಚಲು ಶಾಲೆಯಿಂದ ಜೇಬಿನಲ್ಲಿ ತಂದ ಸೀಮೆಸುಣ್ಣದ ಚೂರು, ಇವು ಮೊದಲ ಗುಂಪಿನ ಆಸ್ತಿ. ಹವಾಯಿ ಚಪ್ಪಲಿ ಎರಡನೆಯ ಗುಂಪಿನ ವಾಹನ. ಸಮವಸ್ತ್ರವು ಒಂದೇ ಶಾಲೆಯ ಒಳಗಿನ ಮಕ್ಕಳನ್ನು ಸಮ ಮಾಡಿತು, ನಿಜ. ಶಾಲೆ ಶಾಲೆಗಳ ನಡುವಿನ ಅಂತರವನ್ನು ಮಾತ್ರ ಬಣ್ಣ ಬಳಿದು ಬೀದಿಗೆ ತೋರಿಸಿತು.

ಸರ್ಕಾರ ಈ ವಿಷಯದಲ್ಲಿ ಸುಮ್ಮನಿರಲಿಲ್ಲವೆಂಬುದನ್ನು ಹೇಳಬೇಕು. ‘ವಿದ್ಯಾವಿಕಾಸ’ ಯೋಜನೆಯ ಮೂಲಕ ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರಗಳನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಈ ಶತಮಾನದ ಮೊದಲ ವರ್ಷಗಳಲ್ಲಿ ನಾಡಿನಾದ್ಯಂತ ನೆಲೆಗೊಂಡಿತು. ಆ ಬಟ್ಟೆಯ ಒಂದು ಭಾಗವನ್ನು ನಮ್ಮ ನೇಕಾರರೇ ನೇಯ್ದು ಕೊಟ್ಟರು. ಮಗುವಿನ ಮಾನದೊಡನೆ ಮಗ್ಗದವನ ಅನ್ನವೂ ಸೇರಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯ ಮಾದರಿ ನಿಯಮಗಳು ಸಮವಸ್ತ್ರವನ್ನು ಮಗುವಿನ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಿದವು. ಕೇಂದ್ರದ ನೆರವು ಮೊದಲು ಮಗುವೊಂದಕ್ಕೆ ಎರಡು ಜೊತೆಗೆ 400 ರೂಪಾಯಿ ಇದ್ದದ್ದು 2018ರಲ್ಲಿ 600 ರೂಪಾಯಿಯಾಯಿತು. 2015–16ರಲ್ಲಿ ಬೂಟು ಮತ್ತು ಕಾಲುಚೀಲಗಳೂ ಬಂದವು. ಬರಿಗಾಲಿನ ಅಜ್ಜನ ಮೊಮ್ಮಗ ಸರ್ಕಾರದ ಖರ್ಚಿನಲ್ಲಿ ಬೂಟು ಮೆಟ್ಟಿದನೆಂದರೆ ಅದನ್ನು ಸಣ್ಣ ಸಂಗತಿಯೆಂದು ಯಾರೂ ಭಾವಿಸಬಾರದು. ಆದರೆ ಹಲವು ವರ್ಷ ಎರಡನೆಯ ಜೊತೆ ಬರುವ ಹೊತ್ತಿಗೆ ಶಾಲೆಯ ವರ್ಷ ಅರ್ಧ ಕಳೆದಿರುತ್ತಿತ್ತು. ಹೊಲಿಯದ ಬಟ್ಟೆಯನ್ನು ಹಂಚಿದ ವರ್ಷಗಳಲ್ಲಿ ಹೊಲಿಗೆಯ ಕೂಲಿಗೆ ಕೂಲಿಯವರ ಮನೆಯಲ್ಲಿಯೇ ಪರದಾಟ. ಒಂದು ಜೊತೆಯನ್ನು ಆರು ದಿನ ತೊಡುವ ಮಗುವಿನ ಕಷ್ಟ ಕಡತಗಳ ಗಡುವಿನಲ್ಲಿ ಕಾಣುವುದಿಲ್ಲ.

ಹುಡುಗಿಯರ ಉಡುಪನ್ನು ನಿಜವಾಗಿ ಬದಲಾಯಿಸಿದ್ದು ಉಪದೇಶಗಳಲ್ಲ, ದೂರ. ಹಳ್ಳಿಯ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಪ್ರೌಢಶಾಲೆ ನಾಲ್ಕಾರು ಮೈಲಿ ಆಚೆ. ಲಂಗ ದಾವಣಿಯನ್ನು ಉಟ್ಟು ಬಸ್ಸಿನ ನೂಕುನುಗ್ಗಲಿನಲ್ಲಿ ನಿಲ್ಲುವುದೂ ಕಷ್ಟ, ಸೈಕಲ್ಲಿನ ಸರಪಳಿಯಿಂದ ಅದನ್ನು ಕಾಪಾಡುವುದೂ ಕಷ್ಟ. 1980ರ ದಶಕದಲ್ಲಿ ‘ಪಂಜಾಬಿ ಡ್ರೆಸ್’ ಎಂದು ಮೂಗು ಮುರಿಯಲಾದ ಚೂಡಿದಾರವೇ ಮುಂದೆ ಪ್ರೌಢಶಾಲೆಯ ಹುಡುಗಿಯರ ಸಮವಸ್ತ್ರವಾಯಿತು. 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ಲುಗಳನ್ನು ಹಂಚಿದಾಗ, ಸಂಜೆ ಹೊಲದ ದಾರಿಯಲ್ಲಿ ಚೂಡಿದಾರ ತೊಟ್ಟ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತ ಊರಿಗೆ ಹಿಂದಿರುಗುವ ನೋಟ ನಮ್ಮ ನಾಡಿನ ಚಿತ್ರವಾಯಿತು. ದಾವಣಿಯೊಡನೆ ಶಾಲೆ ಬಿಟ್ಟ ಅಜ್ಜಿ ಜಗಲಿಯ ಮೇಲೆ ಕುಳಿತು ಅದನ್ನು ನೋಡಿದಳು. ಅವಳ ಮನಸ್ಸಿನಲ್ಲಿ ಏನು ಹಾದುಹೋಯಿತೆಂಬುದನ್ನು ಯಾರೂ ಕೇಳಿದಂತಿಲ್ಲ.

ಬಟ್ಟೆಯ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಹುಡುಗಿಯರ ಶಿರವಸ್ತ್ರದ ಪ್ರಶ್ನೆಯಲ್ಲಿ 2022ರ ಫೆಬ್ರವರಿ 5ರಂದು ರಾಜ್ಯ ಸರ್ಕಾರ ಸಮವಸ್ತ್ರದ ಆದೇಶವನ್ನು ಹೊರಡಿಸಿತು. ಮಾರ್ಚ್ 15ರಂದು ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪುಗಳನ್ನು ಕೊಟ್ಟರು. ಸಾಂವಿಧಾನಿಕ ಜಿಜ್ಞಾಸೆ ಈ ಅಂಕಣದ ಅಳತೆಯನ್ನು ಮೀರಿದುದು. ಆದರೆ ಆ ವರ್ಷ ಕೆಲವು ಹುಡುಗಿಯರು ಪರೀಕ್ಷೆಗೆ ಕೂರದೆ ಹೋದರೆಂಬುದು ಸತ್ಯ. ವಾದದಲ್ಲಿ ಯಾರೇ ಗೆಲ್ಲಲಿ, ಖಾಲಿಯಾದ ಬೆಂಚು ಮಾತ್ರ ಯಾರ ಗೆಲುವೂ ಅಲ್ಲ.

ಈಗ ನಮ್ಮ ಮಕ್ಕಳ ಸರದಿ. ನಗರದ ಖಾಸಗಿ ಶಾಲೆಗೆ ಹೋಗುವ ಮಗುವಿಗೆ ದಿನನಿತ್ಯದ ಜೊತೆ ಬೇರೆ, ಆಟದ ಜೊತೆ ಬೇರೆ, ತಂಡದ ಬಣ್ಣದ ಅಂಗಿ ಬೇರೆ, ಚಳಿಗಾಲದ ಕೋಟು ಬೇರೆ. ಇವುಗಳನ್ನು ಇಂಥ ಅಂಗಡಿಯಲ್ಲಿಯೇ ಕೊಳ್ಳತಕ್ಕದ್ದೆಂಬ ಕಟ್ಟಪ್ಪಣೆ ಬೇರೆ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿ 2017ರಲ್ಲಿಯೇ ತನ್ನ ಶಾಲೆಗಳು ವ್ಯಾಪಾರಕ್ಕಿಳಿಯಬಾರದೆಂದು ಎಚ್ಚರಿಸಿತ್ತು. ಸಿದ್ಧ ಉಡುಪಿನ ಅಂಚನ್ನು ಮಡಿಸಿ ನೋಡಿದರೆ ಒಳಗೆ ಕಾಲಂಗುಲ ಬಟ್ಟೆಯೂ ಇರುವುದಿಲ್ಲ. ಬಿಚ್ಚಲು ಮಡಿಕೆಯಿಲ್ಲ, ಮಗು ಬೆಳೆದರೆ ಬಟ್ಟೆಯನ್ನು ಎಸೆಯಬೇಕು. ಚಿಕ್ಕವನಿಗೆ ಕೊಡೋಣವೆಂದರೆ ಅಷ್ಟರಲ್ಲಿ ಶಾಲೆಯವರು ಅಂಗಿಯ ಪಟ್ಟೆಯನ್ನೇ ಬದಲಾಯಿಸಿರುತ್ತಾರೆ. ಹುಟ್ಟುಹಬ್ಬದ ದಿನ ಮಾತ್ರ ಬಣ್ಣದ ಬಟ್ಟೆಗೆ ಅನುಮತಿ. ಆ ದಿನವೂ ಸಮವಸ್ತ್ರದಲ್ಲಿಯೇ ಬರುವ ಒಂದೆರಡು ಮಕ್ಕಳು ಪ್ರತಿಯೊಂದು ತರಗತಿಯಲ್ಲಿಯೂ ಇರುತ್ತಾರೆ. ಅವರು ಹುಟ್ಟುಹಬ್ಬವನ್ನು ಮರೆತವರಲ್ಲ.

ಪೀಳಿಗೆಗಳ ಬಟ್ಟೆಯನ್ನು ಹೀಗೆ ಸಾಲಾಗಿ ಹರವಿ ನೋಡಿದಾಗ ನನಗೆ ತೋರುವುದಿಷ್ಟು. ಹಳೆಯ ಕಾಲ ಚೆನ್ನಾಗಿತ್ತೆಂದು ಹಲುಬುವುದರಲ್ಲಿ ಅರ್ಥವಿಲ್ಲ. ಗೋಣಿತಟ್ಟಿನ ಕಾಲ ಯಾರಿಗೂ ಬೇಡ. ಸಮವಸ್ತ್ರದ ಉದ್ದೇಶವೂ ಒಳ್ಳೆಯದೇ: ಪಕ್ಕದಲ್ಲಿ ಕುಳಿತವನ ತಂದೆ ಯಾರೆಂದು ಕೇಳದೆ ಅವನ ಬಳಪವನ್ನು ಎರವಲು ಪಡೆಯುವಂತಾಗಬೇಕು. ಆ ಉದ್ದೇಶ ನೆರವೇರುವವರೆಗೆ ಬಟ್ಟೆ ಸೇವಕ. ‘ಇಂದು ಸರಿಯಾದ ಬಟ್ಟೆಯಲ್ಲಿ ಬಂದಿಲ್ಲ, ಹೊರಗೆ ನಿಲ್ಲು’ ಎಂಬ ಮಾತು ಹೊರಟ ಕ್ಷಣದಲ್ಲಿ ಅದು ಯಜಮಾನನಾಗುತ್ತದೆ. ಹೊರಗೆ ನಿಂತ ಮಗುವಿಗೆ ಆ ದಿನದ ಪಾಠ ತಪ್ಪುತ್ತದೆ. ಬದಲಿಗೆ ಅದು ಬೇರೊಂದು ಪಾಠವನ್ನು ಕಲಿಯುತ್ತದೆ, ಆ ಪಾಠ ಬಹುಕಾಲ ಮರೆಯುವುದಿಲ್ಲ. ಮಾನಸಿಕ ಹಿಂಸೆಯನ್ನು ನಿಷೇಧಿಸಿರುವ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ವಿಧಿಯನ್ನು ಓದಿದ ಉಪಾಧ್ಯಾಯರು ಇದನ್ನು ಬಲ್ಲರು. ಓದದೆಯೂ ಬಲ್ಲ ಉಪಾಧ್ಯಾಯರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ.

ಪೋಷಕರಾದ ನಾವು ಮಾಡಬಹುದಾದ ಕೆಲಸವೂ ಇದೆ. ಮಗುವಿಗೆ ಚಿಕ್ಕದಾದ ಸಮವಸ್ತ್ರವನ್ನು ಒಗೆದು, ಗುಂಡಿ ಹಾಕಿ, ಮಡಿಸಿ ಅದೇ ಶಾಲೆಯ ಚಿಕ್ಕ ತರಗತಿಯವರಿಗೆ ಕೊಡಬಹುದು. ಹಾಗೆ ಬಂದ ಬಟ್ಟೆಯನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಲೂ ಕಲಿಯಬಹುದು. ಅಣ್ಣನ ಅಂಗಿಯನ್ನು ತೊಟ್ಟೇ ಬೆಳೆದ ಜನ ನಾವು. ಸಭೆ ಕರೆದಾಗ, ವರ್ಷ ವರ್ಷವೂ ಬಣ್ಣ ಬದಲಾಯಿಸಬೇಡಿರೆಂದು ಒಕ್ಕೊರಲಿನಿಂದ ಕೇಳಬಹುದು. ಅಂಚಿನಲ್ಲಿ ಎರಡಂಗುಲ ಹೆಚ್ಚು ಬಿಡಿರೆಂದು ಅಂಗಡಿಯವನಿಗೂ ಹೇಳಬಹುದು. ಹಿಂದಿನವರು ಆ ಎರಡಂಗುಲವನ್ನು ಬಿಡಿಸಿದ್ದು ಬರಿಯ ಬಡತನದಿಂದಲ್ಲ. ಮಗು ಬೆಳೆಯುತ್ತದೆ, ಅದಕ್ಕೆ ಜಾಗ ಬೇಕು ಎಂಬ ತಿಳಿವಳಿಕೆಯೂ ಅದರಲ್ಲಿತ್ತು.